ಸಭೆಯಲ್ಲಿ ಎದ್ದು ನಿಂತು ಮಾತನಾಡುವವರಿಗೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ತೋಡಿಕೊಂಡಿವೆ: ಹೇಳುವ ಮಾತು ನಿಜ, ಆದರೂ ಕೇಳಿದವರು ಒಪ್ಪುವುದಿಲ್ಲ. ಸಿಂಧನೂರು ಸುತ್ತಲಿನ ರೈತ ಸಂಪರ್ಕ ಕೇಂದ್ರಗಳಲ್ಲಿ ಕೃಷಿ ಅಧಿಕಾರಿಯಾಗಿದ್ದ ನನ್ನ ಸೇವೆಯ ಬಹುಪಾಲು ಒಪ್ಪಿಸುವ ಕೆಲಸದಲ್ಲಿಯೇ ಕಳೆದಿದೆ. ಗುಡಿಯ ಕಟ್ಟೆ, ಸೊಸೈಟಿಯ ಅಂಗಳ, ಗದ್ದೆಯ ಬದು, ಹೀಗೆ ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ನಿಂತು ಮಾತನಾಡಿದ್ದೇನೆ. ಅಲ್ಲಿ ಕಂಡದ್ದನ್ನೂ ಆಮೇಲೆ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ಉತ್ತರಿಸುತ್ತಿದ್ದೇನೆ. ಸ್ಥಳಾವಕಾಶಕ್ಕಾಗಿ ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ಮೇಲ್ಭಾಗದವರ ಗದ್ದೆಯಲ್ಲಿ ನೀರು ನಿಂತಿರುತ್ತದೆ, ನಮ್ಮ ಉಪಕಾಲುವೆಯಲ್ಲಿ ಮಣ್ಣು ಬಿರುಕು ಬಿಟ್ಟಿರುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆಗೆ ಮೊದಲು ಅಧಿಕಾರಿಗಳು ರೈತರ ಅಹವಾಲು ಕೇಳುವವರಿದ್ದಾರೆ. ಒಬ್ಬರಿಗೆ ಎರಡು ಮೂರು ನಿಮಿಷ ಸಿಗಬಹುದು. ಹೋದ ಸಲ ಎಲ್ಲರೂ ಸೇರಿ ಕೂಗಾಡಿ ಬಂದೆವು, ಏನೂ ಆಗಲಿಲ್ಲ. ಈ ಸಲ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಏನು ಹೇಳಲಿ?
ಮಾನ್ವಿ ತಾಲ್ಲೂಕಿನ ರೈತ

ಉತ್ತರ: ಭಾಷಣ ಬರೆಯುವ ಮೊದಲು ಒಂದು ಹಾಳೆಯ ಮೇಲೆ ಒಂದೇ ಸಾಲು ಬರೆಯಿರಿ: ನಾನು ಮಾತು ಮುಗಿಸಿ ಕುಳಿತ ಮೇಲೆ ಎದುರಿಗಿರುವವರು ಏನು ಮಾಡಬೇಕು? ‘ನಮಗೆ ನ್ಯಾಯ ಕೊಡಬೇಕು’ ಎಂದು ಬರೆದಿದ್ದರೆ ಆ ಹಾಳೆಯನ್ನು ಹರಿದು ಹಾಕಿ. ನ್ಯಾಯ ಕೊಡುವ ಅಧಿಕಾರ ಆ ಕೋಣೆಯಲ್ಲಿ ಯಾರ ಕೈಯಲ್ಲಿಯೂ ಇರುವುದಿಲ್ಲ. ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಯ್ದುಕೊಳ್ಳುವುದು, ರಾತ್ರಿ ಗಸ್ತು ಹಾಕಿಸುವುದು, ಕಾಲುವೆಗೆ ಇಳಿಬಿಟ್ಟ ಪಂಪ್‌ಸೆಟ್ ತೆಗೆಸುವುದು, ದಿನಾಂಕ ನಿಗದಿ ಮಾಡುವುದು ಅವರ ಕೈಯಲ್ಲಿ ಇರುತ್ತದೆ. ನಿಮ್ಮ ಬೇಡಿಕೆ ಇವುಗಳಲ್ಲಿ ಒಂದಾಗಿರಬೇಕು. ಹತ್ತು ಬೇಡಿಕೆ ಇಟ್ಟರೆ ಅವರಿಗೆ ಸುಲಭವೆನಿಸಿದ ಹತ್ತನೆಯದನ್ನು ಹಿಡಿದುಕೊಂಡು ಉಳಿದ ಒಂಬತ್ತನ್ನು ಬಿಟ್ಟುಬಿಡುತ್ತಾರೆ.

ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಭಾಷಣಗಳನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸಿದ್ದ. ನ್ಯಾಯಾಲಯದ ಮಾತು ಆಗಿಹೋದದ್ದರ ಬಗ್ಗೆ. ಹೊಗಳಿಕೆ ತೆಗಳಿಕೆಯ ಮಾತು ಹೆಚ್ಚಾಗಿ ಈಗಿನದ್ದರ ಬಗ್ಗೆ. ಸಭೆಯಲ್ಲಿ ತೀರ್ಮಾನ ಕೇಳುವ ಮಾತು ಮುಂದೆ ಆಗಬೇಕಾದದ್ದರ ಬಗ್ಗೆ. ಹೋದ ಸಲ ನೀವೆಲ್ಲ ಕೂಗಿದ್ದು ಆಗಿಹೋದದ್ದರ ಬಗ್ಗೆ ಇರಬೇಕು: ಯಾರು ನೀರು ಕದ್ದರು, ಯಾವ ಅಧಿಕಾರಿ ಕಣ್ಣು ಮುಚ್ಚಿಕೊಂಡರು. ಅದು ಸುಳ್ಳಲ್ಲ. ಆದರೆ ಆರೋಪ ಕೇಳಿದ ಅಧಿಕಾರಿ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತಾನೆ, ಕಾಲುವೆಯನ್ನಲ್ಲ. ಮುಂದಿನ ಹಂಗಾಮಿನ ಬಗ್ಗೆ ಮಾತನಾಡಿದರೆ ಅವನಿಗೆ ಮಾಡಲು ಒಂದು ಕೆಲಸ ಸಿಗುತ್ತದೆ.

ಇನ್ನೊಂದು ವಿಷಯ. ಯಾವುದೇ ವಾದದಲ್ಲಿ ಜಗಳ ನಿಜವಾಗಿ ಯಾವ ಜಾಗದಲ್ಲಿ ನಿಂತಿದೆ ಎಂದು ಹುಡುಕಬೇಕು. ಹಳೆಯ ಗ್ರೀಕ್ ಮತ್ತು ರೋಮನ್ ವಕೀಲರು ಇದಕ್ಕೆ ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದರು. ಅದು ನಡೆಯಿತೇ? ನಡೆದದ್ದನ್ನು ಏನೆಂದು ಕರೆಯಬೇಕು? ಅದು ಸರಿಯೇ, ತಪ್ಪೇ? ತೀರ್ಮಾನಿಸುವ ಅಧಿಕಾರ ಯಾರದು? ನಿಮ್ಮ ವಿಷಯಕ್ಕೆ ಇವನ್ನು ಹಚ್ಚಿ ನೋಡಿ. ಜಲಾಶಯದಲ್ಲಿ ನೀರು ಕಡಿಮೆಯಾಗಿದೆ ಎಂಬುದರಲ್ಲಿ ಯಾರಿಗೂ ಜಗಳವಿಲ್ಲ. ಕೊನೆಯ ಭಾಗಕ್ಕೂ ನೀರು ಮುಟ್ಟಬೇಕು ಎಂಬುದನ್ನು ಯಾವ ಅಧಿಕಾರಿಯೂ ಬಾಯಿಬಿಟ್ಟು ಅಲ್ಲಗಳೆಯುವುದಿಲ್ಲ. ಜಗಳ ಇರುವುದು ಮೊದಲನೆಯ ಪ್ರಶ್ನೆಯಲ್ಲಿಯೇ: ಹಂಚಿಕೆಯಾದ ನೀರು ನಿಮ್ಮ ತೂಬಿಗೆ ಬಂತೇ? ಅವರ ದಾಖಲೆ ಬಂತು ಎನ್ನುತ್ತದೆ, ನಿಮ್ಮ ಹೊಲ ಬರಲಿಲ್ಲ ಎನ್ನುತ್ತದೆ. ಹಾಗಿದ್ದರೆ ನಿಮ್ಮ ಎರಡು ನಿಮಿಷವೂ ಇದೊಂದನ್ನು ಸಿದ್ಧಪಡಿಸುವುದಕ್ಕೆ ಮೀಸಲು. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಪ್ರತಿದಿನ ಒಂದೇ ಹೊತ್ತಿಗೆ ನಿಮ್ಮ ಉಪಕಾಲುವೆಯ ಬಾಯಲ್ಲಿ ಗೇಜ್ ಓದಿ ಬರೆಯಿರಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಪಕ್ಕದ ಹೊಲದವರ ಸಹಿ ಹಾಕಿಸಿ. ಕಾಲುವೆಯ ಮೇಲ್ಭಾಗದ ಅಳತೆಯ ಜಾಗವಾದ ಮೈಲ್ 69ರಲ್ಲಿ ಅದೇ ದಿನ ಗೇಜ್ ಎಷ್ಟಿತ್ತು ಎಂಬುದನ್ನು ನೀರಾವರಿ ಕಚೇರಿಯಲ್ಲಿ ಕೇಳಿ ಪಕ್ಕದಲ್ಲಿ ಬರೆಯಿರಿ. ಎರಡು ಅಂಕಿ ಅಕ್ಕಪಕ್ಕದಲ್ಲಿ ನಿಂತರೆ ನಿಮ್ಮ ಧ್ವನಿ ಏರಬೇಕಾಗಿಲ್ಲ.

ಆಮೇಲೆ ಅಧಿಕಾರಿ ಹೇಳಬಹುದಾದ ಬಲವಾದ ಮಾತನ್ನು ನೀವೇ ಮೊದಲು ಹೇಳಿಬಿಡಿ. ನಮ್ಮ ಶಾಸ್ತ್ರಕಾರರೂ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಪ್ರಾಮಾಣಿಕವಾಗಿ ಮುಂದಿಟ್ಟ ನಂತರವೇ ತಮ್ಮ ಸಿದ್ಧಾಂತಕ್ಕೆ ಹೋಗುತ್ತಿದ್ದರು. ಅಧಿಕಾರಿಯ ಪೂರ್ವಪಕ್ಷ ನಿಮಗೆ ಗೊತ್ತಿರುವುದೇ: 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ, 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ನೀರು ನದಿಗೆ ಹರಿದದ್ದನ್ನು ಎಲ್ಲರೂ ಕಂಡಿದ್ದಾರೆ, ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದವಿದೆ, ಕಾಯುವ ಸಿಬ್ಬಂದಿ ಕಡಿಮೆ. ಇದನ್ನು ನಿಮ್ಮ ಬಾಯಿಂದ ಕೇಳಿದಾಗ ಅವರಿಗೆ ವಾದಿಸಲು ಉಳಿಯುವುದು ಕಡಿಮೆ. ಮಾತು ಹೀಗಿರಲಿ:

‘ಸರ್, ಜಲಾಶಯದಲ್ಲಿ ಹೂಳು ತುಂಬಿದೆ, ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದು ನಮಗೂ ಗೊತ್ತಿದೆ. ಹೆಚ್ಚು ನೀರು ಕೇಳಲು ನಾವು ಬಂದಿಲ್ಲ. ನೀವೇ ಹಂಚಿಕೆ ಮಾಡಿದ ನೀರು ನಮ್ಮ ಉಪಕಾಲುವೆಗೆ ಮುಟ್ಟುತ್ತಿಲ್ಲ. ಇದು ನಾವು ದಿನವೂ ಬರೆದಿಟ್ಟ ಗೇಜ್ ಪುಸ್ತಕ, ಇವು ಆಯಾ ದಿನದ ಚಿತ್ರಗಳು. ಮೇಲೆ ಗೇಜ್ ಸರಿಯಾಗಿದ್ದ ದಿನವೂ ನಮ್ಮಲ್ಲಿ ಹೀಗಿತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ನೀರು ನಿಂತು, ಬೆಳೆದ ಭತ್ತವನ್ನು ದನಕ್ಕೆ ಬಿಟ್ಟೆವು. ನಾವು ಕೇಳುವುದು ಒಂದೇ: ನೀರು ಬಿಟ್ಟ ದಿನದಿಂದ ಪ್ರತಿದಿನ ಬೆಳಿಗ್ಗೆ ಮೈಲ್ 69ರ ಗೇಜ್ ಮತ್ತು ನಮ್ಮ ಉಪಕಾಲುವೆಯ ಗೇಜ್ ಎರಡನ್ನೂ ರೈತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿ. ಓದುವ ಕೆಲಸಕ್ಕೆ ಸಿಬ್ಬಂದಿ ಇಲ್ಲದಿದ್ದರೆ ನಮ್ಮ ಹುಡುಗರು ಬರುತ್ತಾರೆ.’

ಇಷ್ಟೇ. ಭತ್ತವನ್ನು ದನಕ್ಕೆ ಬಿಟ್ಟದ್ದು ನಿಮ್ಮ ಊರಿನಲ್ಲಿ ನಡೆದಿದ್ದರೆ ಮಾತ್ರ ಹೇಳಿ; ನಡೆಯದಿದ್ದರೆ ನಡೆದ ಬೇರೊಂದನ್ನು ಹೇಳಿ. ಮೇಲ್ಭಾಗದವರನ್ನು ಕಳ್ಳರೆಂದು ಕರೆಯಬೇಡಿ. ಅವರೂ ಅದೇ ಕಚೇರಿಗೆ ಅಹವಾಲು ತರುವವರು, ಅಧಿಕಾರಿ ಇಬ್ಬರ ನಡುವೆ ನಿಲ್ಲಬೇಕಾದವನು.

ಪ್ರಶ್ನೆ: ಅಕ್ಕಾ, ನಾನು ಸ್ವಸಹಾಯ ಸಂಘದ ಸದಸ್ಯೆ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ತಿಂಗಳುಗಳಾಗಿವೆ. ಜನ ಮತ್ತೆ ಬೋರ್‌ವೆಲ್ ನೀರು ಕುಡಿಯುತ್ತಿದ್ದಾರೆ. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆಗಳಿವೆ. ಗ್ರಾಮಸಭೆಯಲ್ಲಿ ನೀನೇ ಹೇಳು ಎಂದು ಎಲ್ಲರೂ ನನ್ನನ್ನು ಮುಂದೆ ಮಾಡಿದ್ದಾರೆ. ಎದ್ದು ನಿಂತರೆ ಕೈಕಾಲು ನಡುಗುತ್ತವೆ, ಗಂಟಲು ಒಣಗುತ್ತದೆ.
ಕುಷ್ಟಗಿ ಹತ್ತಿರದ ಹಳ್ಳಿಯಿಂದ

ಉತ್ತರ: ತಂಗಿ, ಆ ನಡುಕ ನಿನ್ನ ಕೊರತೆಯಲ್ಲ. ಅಷ್ಟು ಜನ ಒಟ್ಟಿಗೆ ದಿಟ್ಟಿಸಿದಾಗ ದೇಹ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ‘ಧೈರ್ಯ ತಂದುಕೊ’ ಎಂದು ಹೇಳುವವರ ಮಾತು ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು, ನಿಧಾನವಾಗಿ ಹೊರಗೆ ಬಿಡು. ಹೊರಗೆ ಬಿಡುವ ಉಸಿರು ಉದ್ದವಾದಾಗ ಹೃದಯದ ವೇಗ ತಗ್ಗುತ್ತದೆ. ನಿನ್ನ ಸರದಿ ಬರುವ ಮೊದಲು ಕುಳಿತಲ್ಲಿಯೇ ನಾಲ್ಕೈದು ಸಲ ಹೀಗೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಊರಿ ನಿಲ್ಲು. ತೆಳುವಾದ ಹಾಳೆ ಹಿಡಿದರೆ ನಡುಕ ಎದ್ದು ಕಾಣುತ್ತದೆ, ರಟ್ಟಿನ ಹೊದಿಕೆಯ ನೋಟ್‌ಬುಕ್ ಹಿಡಿ. ಸಭೆಗೆ ಬೇಗ ಹೋಗಿ, ಜನ ಬರುವ ಮೊದಲೇ ನೀನು ನಿಲ್ಲುವ ಜಾಗದಲ್ಲಿ ಒಮ್ಮೆ ನಿಂತು ನೋಡು.

ಪೂರ್ತಿ ಭಾಷಣವನ್ನು ಬಾಯಿಪಾಠ ಮಾಡಬೇಡ. ಒಂದು ಪದ ಮರೆತರೆ ಇಡೀ ಸಾಲು ಕೈತಪ್ಪಿ ಹೋಗುತ್ತದೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಬೇಡಿಕೆ ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಬರುವಂತಿರಲಿ. ನಡುವಿನದನ್ನು ನೀರು ತರುವಾಗ ಗೆಳತಿಗೆ ಹೇಳುವಂತೆ ಹೇಳು. ಅದನ್ನು ನೀನು ದಿನವೂ ಹೇಳುತ್ತಲೇ ಇದ್ದೀಯ. ಕಣ್ಣನ್ನು ಮೂರು ಮುಖಗಳ ಮೇಲೆ ಇಡು: ಎಡಕ್ಕೊಬ್ಬರು, ನಡುವೆ ಒಬ್ಬರು, ಬಲಕ್ಕೊಬ್ಬರು. ಮೂವರೂ ನಿಮ್ಮ ಸಂಘದವರೇ ಆಗಿರಲಿ. ಎಲ್ಲಿ ಕುಳಿತುಕೊಳ್ಳಬೇಕೆಂದು ಮೊದಲೇ ಹೇಳಿ ಕೂರಿಸು.

ಇನ್ನು ವಿಷಯ. ಮಕ್ಕಳ ಹಲ್ಲು ನೋಡಿದವರಿಗೆ ಮರುಕ ಬರುತ್ತದೆ, ಆದರೆ ಮರುಕಕ್ಕೆ ನಡಾವಳಿ ಪುಸ್ತಕದಲ್ಲಿ ಜಾಗವಿಲ್ಲ. ಅದರ ಪಕ್ಕದಲ್ಲಿ ಒಂದು ಅಂಕಿ ಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಸಹಿಸಬಹುದು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳು, ಆ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸು. ಬಂದ ಅಂಕಿಯನ್ನು ಸಭೆಯಲ್ಲಿ ಓದಿ ಹೇಳು, ಒಂದು ಬಾಟಲಿಯಲ್ಲಿ ಅದೇ ನೀರನ್ನು ತಂದು ಮೇಜಿನ ಮೇಲಿಡು. ಆಮೇಲೆ ನೇರವಾಗಿ ಕೇಳು: ಘಟಕದ ದುರಸ್ತಿ ಯಾರ ಹೊಣೆ, ಯಾವ ದಿನಾಂಕದೊಳಗೆ ಆಗುತ್ತದೆ? ಅಭಿವೃದ್ಧಿ ಅಧಿಕಾರಿ ಉತ್ತರಿಸಿದ ಮೇಲೆ ಅದನ್ನು ನಡಾವಳಿಯಲ್ಲಿ ಬರೆಯಿಸಿ, ಬರೆದದ್ದನ್ನು ಓದಿಸಿ ಕೇಳಿದ ನಂತರವೇ ಕುಳಿತುಕೊ. ಬಾಯಿಮಾತಿನ ಭರವಸೆ ಸಭೆ ಮುಗಿದೊಡನೆ ಕರಗುತ್ತದೆ.

‘ಕೂಡಮ್ಮ, ನಿನಗೇನು ಗೊತ್ತು’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ನಾನು ಗದ್ದೆಯ ಬದುವಿನ ಮೇಲೆ ನಿಂತಾಗ ‘ಹೆಣ್ಣುಮಗಳು ನಮಗೆ ಬೇಸಾಯ ಕಲಿಸುತ್ತಾಳೇನು’ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಅಂಥವರಿಗೆ ತಿರುಗಿ ಬೈಯಬೇಡ, ಅಳುಕಲೂ ಬೇಡ. ಮಾತು ನಿಲ್ಲಿಸು, ಅವರು ಮುಗಿಸುವವರೆಗೆ ಅವರನ್ನೇ ನೋಡು, ನಂತರ ‘ಅಣ್ಣಾ, ನಿಮ್ಮ ಮನೆಯಲ್ಲಿಯೂ ಇದೇ ನೀರು ಕುಡಿಯುತ್ತೀರಿ’ ಎಂದು ಹೇಳಿ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸು. ಅವರ ಮಕ್ಕಳನ್ನೂ ನಿನ್ನ ವಾದದೊಳಗೆ ಸೇರಿಸಿಕೊಂಡ ಮೇಲೆ ಅವರು ನಿನ್ನ ಎದುರಾಳಿಯಾಗಿ ಉಳಿಯುವುದು ಕಷ್ಟ.

ಪ್ರಶ್ನೆ: ವಚನದಿಂದಲೋ ಗಾದೆಯಿಂದಲೋ ಭಾಷಣ ಆರಂಭಿಸಿದರೆ ಚೆನ್ನಾಗಿರುತ್ತದೆಯೇ?
ಲಿಂಗಸುಗೂರಿನ ಶಿಕ್ಷಕರು

ಉತ್ತರ: ನಿಮಗಿಂತ ಮೊದಲು ಮಾತನಾಡಿದವರೂ ಅದನ್ನೇ ಮಾಡಿರುತ್ತಾರೆ. ವೇದಿಕೆಯ ಮೇಲಿರುವ ಎಲ್ಲರ ಹೆಸರು ಹೇಳಿ, ಒಂದು ವಚನ ಹೇಳಿ, ವಿಷಯಕ್ಕೆ ಬರುವಷ್ಟರಲ್ಲಿ ಜನರ ಗಮನ ಊಟದ ಕಡೆಗೆ ಹೋಗಿರುತ್ತದೆ. ಕೇಳುಗರು ಪೂರ್ತಿ ಎಚ್ಚರವಾಗಿರುವುದು ಮೊದಲ ಅರ್ಧ ನಿಮಿಷದಲ್ಲಿ, ಅದನ್ನು ವಿಷಯಕ್ಕೇ ಕೊಡಿ. ಭಾಷಣಕ್ಕೆ ಅನಿವಾರ್ಯವಾದ ಭಾಗಗಳು ಎರಡೇ ಎಂದು ಅರಿಸ್ಟಾಟಲ್ ಖಂಡಿತವಾಗಿ ಹೇಳಿದ್ದಾನೆ: ವಿಷಯವನ್ನು ಹೇಳುವುದು, ಅದನ್ನು ಸಾಧಿಸಿ ತೋರಿಸುವುದು. ವಚನ ನಿಮ್ಮ ವಾದಕ್ಕೆ ನಿಜವಾಗಿ ಬೇಕಾಗಿದ್ದರೆ ಅದು ಬೇಕಾದ ಜಾಗದಲ್ಲಿ, ನಡುವೆ ಬರಲಿ. ಅಧ್ಯಕ್ಷರಿಗೂ ಸಭೆಗೂ ಒಂದೇ ಉಸಿರಿನಲ್ಲಿ ನಮಸ್ಕಾರ ಹೇಳಿದರೆ ಯಾರಿಗೂ ಅಗೌರವವಾಗುವುದಿಲ್ಲ.

ಪ್ರಶ್ನೆ: ಕಾಲೇಜು ಚರ್ಚಾಸ್ಪರ್ಧೆಯ ವಿಷಯ ‘ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿ ಮಾತೃಭಾಷೆಯಲ್ಲಿಯೇ ಇರಬೇಕು’. ಇದು ನನ್ನ ಮನಸ್ಸಿನ ಮಾತು. ಆದರೆ ಚೀಟಿ ಎತ್ತಿದಾಗ ನನಗೆ ವಿರೋಧ ಪಕ್ಷ ಬಂದಿದೆ. ನಂಬದ ಮಾತನ್ನು ವಾದಿಸುವುದು ಆತ್ಮವಂಚನೆ ಅಲ್ಲವೇ?
ರಾಯಚೂರಿನ ಪದವಿ ವಿದ್ಯಾರ್ಥಿನಿ

ಉತ್ತರ: ಅಲ್ಲ. ನೀನು ಪ್ರಮಾಣ ಮಾಡುತ್ತಿಲ್ಲ, ಒಂದು ಪಕ್ಷವನ್ನು ಪರೀಕ್ಷೆಗೆ ಒಡ್ಡುತ್ತಿದ್ದೀಯ. ಅದು ಸ್ಪರ್ಧೆ ಎಂದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಚರ್ಚೆಯನ್ನು ಮೂರಾಗಿ ನೋಡುತ್ತಾರೆ: ಸತ್ಯ ತಿಳಿಯಲು ಮಾಡುವ ವಾದ, ಗೆಲ್ಲಲು ಮಾಡುವ ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವರನ್ನು ಕೆಡವುವುದಷ್ಟೇ ಗುರಿಯಾದ ವಿತಂಡ. ಸ್ಪರ್ಧೆಯ ಹೆಸರಿನಲ್ಲಿ ನಡೆಯುವುದು ಜಲ್ಪವೇ ಆದರೂ ನೀನು ವಾದಕ್ಕೆ ಕೂತವಳಂತೆ ಸಿದ್ಧಳಾಗು. ನಿನ್ನ ನಂಬಿಕೆಯ ವಿರುದ್ಧ ಇರುವ ಅತ್ಯಂತ ಬಲವಾದ ಮಾತು ಯಾವುದೆಂದು ಇದೇ ನೆಪದಲ್ಲಿ ನಿನಗೆ ತಿಳಿಯುತ್ತದೆ.

ವಿಷಯವನ್ನು ಇನ್ನೊಮ್ಮೆ ಓದು. ಮಾತೃಭಾಷೆ ಒಳ್ಳೆಯದೋ ಅಲ್ಲವೋ ಎಂದು ಯಾರೂ ಕೇಳಿಲ್ಲ. ಸರ್ಕಾರ ಅದನ್ನು ಬಲವಂತ ಮಾಡಬಹುದೇ ಎಂದು ಕೇಳಿದ್ದಾರೆ. ಹಾಗಾಗಿ ಮಾತೃಭಾಷೆಯನ್ನು ಹೀಗಳೆಯುವ ಒಂದು ಮಾತೂ ನಿನಗೆ ಬೇಕಾಗಿಲ್ಲ. 1994ರ ಕರ್ನಾಟಕದ ಭಾಷಾನೀತಿಯ ಮೇಲಿನ ಮೊಕದ್ದಮೆಯಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ನೀಡಿತು: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿಸಿಕೊಳ್ಳಿ ಎಂದು ಸರ್ಕಾರ ಒತ್ತಾಯಿಸುವಂತಿಲ್ಲ. ಇದನ್ನು ಬಳಸು, ಆದರೆ ಸರಿಯಾಗಿ ಬಳಸು. ಇಂಗ್ಲಿಷ್ ಮಾಧ್ಯಮ ಮೇಲು ಎಂದು ನ್ಯಾಯಾಲಯ ಹೇಳಿಲ್ಲ. ಹಾಗೆ ಹೇಳಿದೆ ಎಂಬಂತೆ ನೀನು ಮಾತನಾಡಿದರೆ ಎದುರಿನವರು ಅದೊಂದನ್ನೇ ಹಿಡಿದು ನಿನ್ನ ಉಳಿದ ಮಾತುಗಳನ್ನೂ ಕೆಡವುತ್ತಾರೆ, ಕೆಡವಬೇಕಾದದ್ದೇ.

ತೀರ್ಪು ಹೇಳಿದರೆ ಕೇಳುಗರು ಒಪ್ಪಬಹುದು, ಆದರೆ ಅವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ನೈಯಾಯಿಕರು, ಅಂದರೆ ಆ ನ್ಯಾಯದರ್ಶನದ ಪಂಡಿತರು, ವಾದಕ್ಕೆ ಐದು ಅವಯವ ಹೇಳಿದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ; ಏಕೆಂದರೆ ಹೊಗೆ ಕಾಣುತ್ತಿದೆ; ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿಲ್ಲವೇ; ಈ ಬೆಟ್ಟದಲ್ಲಿಯೂ ಅಂಥದೇ ಹೊಗೆ ಇದೆ; ಆದ್ದರಿಂದ ಬೆಂಕಿ ಇದೆ. ಉದಾಹರಣೆಯನ್ನು ಅವರು ಅಲಂಕಾರವಾಗಿ ಅಲ್ಲ, ವಾದದ ಅಂಗವಾಗಿಯೇ ಇಟ್ಟರು. ಅದು ಕೇಳುಗರೂ ನೀನೂ ಇಬ್ಬರೂ ಕಂಡದ್ದಾಗಿರಬೇಕು. ನಿನ್ನ ಉದಾಹರಣೆ ರಾಯಚೂರಿನಲ್ಲಿಯೇ ಇದೆ. ಒಂದೇ ಓಣಿಯಲ್ಲಿ ಒಂದು ಮನೆಯಲ್ಲಿ ತೆಲುಗು, ಇನ್ನೊಂದರಲ್ಲಿ ಉರ್ದು, ಊರ ಹೊರಗಿನ ತಾಂಡಾದಲ್ಲಿ ಲಂಬಾಣಿ. ಆ ತಾಂಡಾದ ಮಗುವಿಗೆ ಲಂಬಾಣಿಯಲ್ಲಿ ಪಾಠ ಮಾಡುವ ಶಾಲೆ ಎಲ್ಲಿದೆ? ಕಡ್ಡಾಯ ಮಾಡಿದರೆ ಯಾವ ಭಾಷೆಯನ್ನು, ಯಾರ ಮಗುವಿಗೆ? ಈ ಪ್ರಶ್ನೆಯನ್ನು ಸಭೆಯ ಮುಂದಿಟ್ಟು ಎರಡು ಕ್ಷಣ ಸುಮ್ಮನಿರು. ತೀರ್ಪುಗಾರರಲ್ಲಿಯೇ ಮನೆಮಾತು ತೆಲುಗಾದವರು ಒಬ್ಬರಾದರೂ ಇರುತ್ತಾರೆ.

ಸ್ಪರ್ಧೆ ಮುಗಿದ ಮೇಲೆ ನಿನ್ನ ಮೊದಲಿನ ನಂಬಿಕೆಗೆ ಮರಳಬಹುದು. ನಾನೂ ಕನ್ನಡ ಮಾಧ್ಯಮದ ಪಕ್ಷದವಳೇ. ತಾಂಡಾದ ಮಗುವಿನ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ಕನ್ನಡ ಮಾಧ್ಯಮದ ವಾದ ಮಾತ್ರ ನನಗೆ ಸಾಕಾಗುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಸಭೆಗಳಲ್ಲಿ ಅಬ್ಬರಿಸಿ, ಎದುರಾಳಿಗಳನ್ನು ಮೂದಲಿಸಿ ಮಾತನಾಡುವವರಿಗೇ ಚಪ್ಪಾಳೆ ಬೀಳುತ್ತದೆ. ಮೆಲುದನಿಯವರಿಗೆ ಬೆಲೆಯಿಲ್ಲವೇ?
ಬಳ್ಳಾರಿಯಿಂದ ಯುವಕ

ಉತ್ತರ: ಅಲ್ಲಿ ಚಪ್ಪಾಳೆ ತಟ್ಟುವವರು ಮನೆಯಿಂದ ಹೊರಡುವಾಗಲೇ ಒಪ್ಪಿ ಬಂದವರು. ಒಪ್ಪದವನು ಆ ಮೂದಲಿಕೆ ಕೇಳಿ ತನ್ನ ಮಾತಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತಾನೆ. ಮನಸ್ಸು ಬದಲಿಸಬೇಕಾಗಿದ್ದವನನ್ನೇ ಕಳೆದುಕೊಂಡ ಮೇಲೆ ಆ ಭಾಷಣ ಸಾಧಿಸಿದ್ದೇನು?

ನಿಮ್ಮ ಊರಿನವರನ್ನೇ ನೆನಪಿಸುತ್ತೇನೆ. ಬಳ್ಳಾರಿ ರಾಘವರು (1880–1946) ಹಗಲು ನ್ಯಾಯಾಲಯದಲ್ಲಿ ವಕೀಲರು, ರಾತ್ರಿ ರಂಗದ ಮೇಲೆ ನಟರು. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಭಾಷೆಗಳ ನಾಟಕಗಳಲ್ಲಿ ಅಭಿನಯಿಸಿದವರು. ಪದ್ಯಗಳನ್ನು ರಾಗವಾಗಿ ಎಳೆದು ಹಾಡಿ ಮೆಚ್ಚುಗೆ ಗಿಟ್ಟಿಸುವ ಕಾಲದಲ್ಲಿ ಅವರು ಸಹಜವಾದ ಮಾತಿಗೂ ಮುಖಭಾವಕ್ಕೂ ಒತ್ತು ಕೊಟ್ಟರು. ಆಗ ಕೊನೆಯ ಸಾಲಿನವರಿಗೂ ಕೇಳಿಸಬೇಕಾದ ಕಷ್ಟವಿತ್ತು. ಈಗ ಮೈಕ್ ಇದೆ. ಮಹತ್ವದ ವಾಕ್ಯಕ್ಕೆ ಬಂದಾಗ ಧ್ವನಿ ಏರಿಸುವ ಬದಲು ವೇಗ ತಗ್ಗಿಸಿ, ವಾಕ್ಯ ಮುಗಿದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ಮೊದಲ ಸಲ ಆ ಮೌನ ನಿಮಗೆ ಬಹಳ ದೀರ್ಘವೆನಿಸುತ್ತದೆ. ಕೇಳುಗರಿಗೆ ಹಾಗೆ ಅನ್ನಿಸುವುದಿಲ್ಲ.

ಮೂದಲಿಕೆಯ ಬಗ್ಗೆ ನಮ್ಮ ಸೀಮೆಯ ಕಲ್ಲೇ ಮಾತನಾಡಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿರುವ ಅಶೋಕನ ಬರಹಗಳಲ್ಲಿ ಹನ್ನೆರಡನೆಯ ಶಾಸನದ ಭಾಗವೂ ಇದೆ. ಮಾತಿನಲ್ಲಿ ಸಂಯಮವಿರಲಿ, ತನ್ನ ಪಂಥವನ್ನು ಹೊಗಳಿ ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಆ ಶಾಸನದ ತಿರುಳು. ಸೈನ್ಯವಿದ್ದ ಚಕ್ರವರ್ತಿಯೂ ಬೆದರಿಸಿ ಒಪ್ಪಿಸುವುದನ್ನು ಸಾಕೆಂದುಕೊಳ್ಳಲಿಲ್ಲ.

ಪ್ರಶ್ನೆ: ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದೇನೆ. ಈ ವರ್ಷ ನಾಟಿ ಬಿಟ್ಟು ಕೂರಿಗೆಯಿಂದ ಭತ್ತ ಬಿತ್ತೋಣ ಎಂದರೆ ಅಪ್ಪ ಕೇಳುವುದಿಲ್ಲ. ‘ಓದಿದ್ದು ಸಾಕು’ ಎನ್ನುತ್ತಾರೆ. ಮನೆಯೊಳಗಿನ ಮಾತಿಗೂ ನಿಮ್ಮ ನಿಯಮಗಳು ನಡೆಯುತ್ತವೆಯೇ?
ಸಿಂಧನೂರು ತಾಲ್ಲೂಕಿನಿಂದ

ಉತ್ತರ: ಮನೆಯಲ್ಲಿಯೇ ಹೆಚ್ಚು ನಡೆಯುತ್ತವೆ ತಮ್ಮ. ಕೇಳುವವರು ಮಾತನ್ನು ತೂಗುವ ಮೊದಲು ಮಾತನಾಡುವವನನ್ನು ತೂಗುತ್ತಾರೆ. ಈ ವ್ಯಕ್ತಿಗೆ ವಿಷಯ ಗೊತ್ತಿದೆಯೇ, ನನ್ನ ಒಳಿತು ಬಯಸುತ್ತಾನೆಯೇ, ನಷ್ಟವಾದರೆ ಜೊತೆಗೆ ನಿಲ್ಲುತ್ತಾನೆಯೇ ಎಂದು ನೋಡುತ್ತಾರೆ. ನಿನ್ನ ಪ್ರಮಾಣಪತ್ರ ಅಪ್ಪನಿಗೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ನಾನು ಹಳ್ಳಿಗಳಲ್ಲಿ ಕೂರಿಗೆ ಭತ್ತದ ಬಗ್ಗೆ ಹೇಳುವಾಗ ಲಾಭದಿಂದ ಆರಂಭಿಸುತ್ತಿರಲಿಲ್ಲ, ಕಳೆಯಿಂದ ಆರಂಭಿಸುತ್ತಿದ್ದೆ. ನೀರು ನಿಲ್ಲಿಸದ ಗದ್ದೆಯಲ್ಲಿ ಕಳೆ ಹೆಚ್ಚು ಬರುತ್ತದೆ, ಬಿತ್ತಿದ ತಕ್ಷಣ ಕಳೆನಾಶಕ ಹಾಕುವುದು ತಪ್ಪಿದರೆ ಬೆಳೆ ಕೈಬಿಡುತ್ತದೆ, ಕೆಲವು ಹೊಲಗಳಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗುತ್ತದೆ. ರೈತನ ಮನಸ್ಸಿನಲ್ಲಿದ್ದ ಅನುಮಾನಗಳನ್ನೆಲ್ಲ ನಾನೇ ಎಣಿಸಿ ಮುಗಿಸಿದ ಮೇಲೆ ಸಸಿಮಡಿ ಬೇಡ, ಕೆಸರು ಮಾಡುವ ಖರ್ಚಿಲ್ಲ, ನಾಟಿಗೆ ಆಳು ಹುಡುಕುವ ಪಾಡಿಲ್ಲ, ಕಾಲುವೆಗೆ ನೀರು ಬರುವುದನ್ನು ಕಾಯದೆ ಮುಂಗಾರಿನ ಹಸಿಯಲ್ಲಿಯೇ ಬಿತ್ತಬಹುದು ಎಂದರೆ ಕೇಳುವ ಕಿವಿ ತೆರೆದಿರುತ್ತಿತ್ತು.

ಇನ್ನೊಂದು ಕೆಲಸ ಮಾಡು. ನಿಮ್ಮ ಸುತ್ತಮುತ್ತ ಕೂರಿಗೆ ಭತ್ತ ಬೆಳೆದವರಲ್ಲಿ ಅಪ್ಪನ ವಯಸ್ಸಿನವರು, ಅಪ್ಪ ಗೌರವಿಸುವವರು ಯಾರಿದ್ದಾರೆ ನೋಡು. ಅಪ್ಪನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗು. ಅವರಿಬ್ಬರೂ ಮಾತನಾಡುವಾಗ ನೀನು ಸುಮ್ಮನೆ ಇರು. ಖರ್ಚು ಎಷ್ಟು, ಕಳೆಗೆ ಏನು ಮಾಡಿದಿರಿ ಎಂದು ಅಪ್ಪನೇ ಕೇಳಲಿ. ಮನೆಗೆ ಬಂದ ಮೇಲೆ ಇಡೀ ಹೊಲ ಕೇಳಬೇಡ, ಒಂದು ಎಕರೆ ಕೇಳು. ಅದೂ ಹೆಚ್ಚು ಕಳೆ ಬಾರದ, ಮಟ್ಟಸವಾದ ತುಂಡನ್ನು ಆರಿಸಿಕೊ. ಆ ಎಕರೆಯ ಲೆಕ್ಕ ಬೇರೆ ಬರೆದಿಡುತ್ತೇನೆ, ಕಳೆ ತೆಗೆಯುವ ಕೆಲಸ ನನ್ನದು ಎಂದು ಹೇಳು. ಒಪ್ಪಿದರೆ ತಡಮಾಡಬೇಡ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಿತ್ತುವ ಯಂತ್ರ ಬಾಡಿಗೆಗೆ ಇದೆಯೇ ಎಂದು ಈಗಲೇ ವಿಚಾರಿಸಿ ಹೆಸರು ಬರೆಯಿಸು. ಮೊದಲ ಹದ ಮಳೆ ಬಿದ್ದ ವಾರ ಅದು ಯಾರಿಗೂ ಸಿಗುವುದಿಲ್ಲ.